ಹನ್ನೆರಡು ಮೀಟರ್ ಕರೆಂಟು

ಸತ್ತ ಜೀವಕೋಶ ನೀಲಿ, ಬದುಕಿದ್ದು ಬಿಳಿ. ಹದಿನೇಳು ತಿಂಗಳು ನನಗಿದ್ದ ಕೆಲಸ ಇಷ್ಟೇ: ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿ ನೀಲಿ ಎಷ್ಟು, ಬಿಳಿ ಎಷ್ಟು ಎಂದು ಎಣಿಸುವುದು. ಎರಡನೇ ಇಯತ್ತೆಯ ಕೂಸೂ ಮಾಡೀತು. ನನಗೆ ಮಾತ್ರ ಬಗೆಹರಿಯಲಿಲ್ಲ.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿರಬೇಕು. ರೋಣದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಿದ್ದೆ, ಮನೆ ಗಜೇಂದ್ರಗಡದಲ್ಲಿ, ದಿನಾ ಬಸ್ಸು. ಎಂ.ಫಿಲ್ ಮಾಡಿದರೆ ನೌಕರಿ ಕಾಯಂ ಆದೀತು ಎಂದು ಯಾರೋ ತಲೆಗೆ ತುಂಬಿದರು. ದೂರದ ಊರಿನ ಗೈಡ್ ಒಬ್ಬರು ಸಿಕ್ಕರು, ವಿಷಯವನ್ನೂ ಅವರೇ ಕೊಟ್ಟರು: ಅತಿ ಚಿಕ್ಕ ವಿದ್ಯುತ್ ಹೊಡೆತ ಬಿದ್ದಾಗ ಜೀವಕೋಶ ಏನಾಗುತ್ತದೆ, ಅಳೆಯಿರಿ. ಚಿಕ್ಕದು ಎಂದರೆ ಸೆಕೆಂಡಿನ ಕೋಟಿಯಲ್ಲೊಂದು ಪಾಲು. ಅಷ್ಟರಲ್ಲಿ ಕೋಶಕ್ಕೆ ಬಿಸಿಯಾಗಲೂ ಪುರುಸೊತ್ತು ಇರುವುದಿಲ್ಲ. ಆದರೂ ಕೆಲವು ಸಾಯುತ್ತವೆ, ಕೆಲವಕ್ಕೆ ಮೈಯೆಲ್ಲ ತೂತು ಬಿದ್ದರೂ ತಾವೇ ಮುಚ್ಚಿಕೊಂಡು ಬದುಕುತ್ತವೆ. ಯಾಕೆ ಹಾಗೆ ಎಂದು ಕೇಳಿದೆ. ಅದು ಗೊತ್ತಿದ್ದರೆ ನಿಮಗ್ಯಾಕೆ ಹೇಳುತ್ತಿದ್ದೆ ಎಂದರು ಗೈಡ್.

ಅಂಥ ಹೊಡೆತ ಕೊಡುವ ಯಂತ್ರ ಕೊಳ್ಳುವ ಯೋಗ್ಯತೆ ನಮ್ಮ ಕಾಲೇಜಿಗೆ ಎಲ್ಲಿಂದ ಬರಬೇಕು! ಪುಸ್ತಕ ತೆಗೆದು ನೋಡಿದರೆ ದಾರಿ ಸರಳವಿತ್ತು. ಟಿ.ವಿ. ಕೇಬಲ್ಲಿಗೆ ವಿದ್ಯುತ್ ತುಂಬಿ ಒಮ್ಮೆಲೇ ಬಿಟ್ಟರೆ, ಕೇಬಲ್ಲು ಎಷ್ಟು ಉದ್ದವೋ ಹೊಡೆತವೂ ಅಷ್ಟು ಹೊತ್ತು ಇರುತ್ತದೆ. ಹನ್ನೆರಡು ಮೀಟರಿಗೆ ಹೆಚ್ಚುಕಮ್ಮಿ ಕೋಟಿಯಲ್ಲೊಂದು ಪಾಲು. ಗಜೇಂದ್ರಗಡದಲ್ಲಿ ನಮ್ಮ ಓಣಿಯ ತುದಿಗೆ ಟಿ.ವಿ. ರಿಪೇರಿ ಮಾಡುವ ಹಿರಿಯರೊಬ್ಬರಿದ್ದರು. ಸಣ್ಣಂದಿನಿಂದಲೂ ನಾನು ಅವರನ್ನು ಚಾಚಾ ಎಂದೇ ಕರೆಯುವುದು. ಹೋಗಿ ಕೇಳಿದೆ.

"ಚಾಚಾ, ಕೋಟಿಯೊಳಗ ಒಂದ ಪಾಲು ಸೆಕೆಂಡಿನಷ್ಟು ಕೇಬಲ್ ಬೇಕಾಗೇತ್ರಿ."

ಚಾಚಾ ಕನ್ನಡಕ ಹಣೆಗೇರಿಸಿ ನನ್ನನ್ನು ನೋಡಿದರು. "ಬೇಟಿ, ಕೇಬಲ್ ಮೀಟರಿನ ಮ್ಯಾಲ ಮಾರೂದು ನೋಡೇನಿ. ಟೈಮಿನ ಮ್ಯಾಲ ಮಾರೂದು ಯಾವ ಪ್ಯಾಟ್ಯಾಗ?"

ನಕ್ಕರೂ ಬಿಡಲಿಲ್ಲ. ಹನ್ನೆರಡು ಮೀಟರ್ ಕತ್ತರಿಸಿ ಸುತ್ತಿ ಕೊಟ್ಟರು. ಹಾಳಾದ ಟಿ.ವಿ.ಯೊಂದರಿಂದ ಟ್ರಾನ್ಸ್‌ಫಾರ್ಮರ್ ಬಿಚ್ಚಿ, ತಾವೇ ರೋಣಕ್ಕೆ ಬಂದು ಜೋಡಿಸಿದರು. ಗುಂಡಿ ಒತ್ತಿದರೆ ಚಟ್ ಎಂದು ಕಿಡಿ ಹಾರುತ್ತಿತ್ತು. ಆ ಕಿಡಿಯ ಹೊಡೆತ ಬೆರಳುಗುರಿನಷ್ಟು ಅಗಲದ ಗಾಜಿನ ಡಬ್ಬಿಗೆ ಹೋಗುತ್ತಿತ್ತು, ಡಬ್ಬಿಯಲ್ಲಿ ಬೇಕರಿಯ ಯೀಸ್ಟ್ ಕದಡಿದ ನೀರು. ಬ್ರೆಡ್ಡು ಉಬ್ಬಿಸುವ ಆ ಯೀಸ್ಟೇ ನನ್ನ ಜೀವಕೋಶ. ತಾಜಾ ಯೀಸ್ಟು ನರಗುಂದದ ಒಂದು ಬೇಕರಿಗೆ ಮಾತ್ರ ಬರುತ್ತಿತ್ತು. ಹಾಗಾಗಿ ಪ್ರತಿ ಶನಿವಾರ ನರಗುಂದಕ್ಕೆ ಹೋಗಿ, ಸ್ಟೀಲಿನ ಡಬ್ಬಿಯಲ್ಲಿ ತುಂಬಿ, ವ್ಯಾನಿಟಿ ಬ್ಯಾಗಿನಲ್ಲಿಟ್ಟುಕೊಂಡು ಬರುತ್ತಿದ್ದೆ.

ಕೆಲಸ ಶುರುವಾಗುವ ಮೊದಲು ಎಳ್ಳ ಅಮಾವಾಸ್ಯೆಗೆ ರಾಜೂರಿಗೆ ಹೋಗಿದ್ದೆ. ಅಲ್ಲಿ ನನ್ನ ದೊಡ್ಡವ್ವನ ಮನೆ. ದೊಡ್ಡವ್ವ ಅಂದರೆ ನಮ್ಮವ್ವನ ಅಕ್ಕ. ಮಗ, ಸೊಸೆ, ಮೊಮ್ಮಕ್ಕಳು, ಎರಡು ಎಮ್ಮೆ, ಆರು ಕೋಳಿಯಿಂದ ಗಿಜಿಗುಡುವ ಮನೆ ಅದು. ಹೊಲದಲ್ಲಿ ಭೂತಾಯಿಗೆ ಎಡೆಯ ಚರಗ ಚೆಲ್ಲಿ ಎಲ್ಲರೂ ಬನ್ನಿಗಿಡದ ಬುಡದಲ್ಲಿ ಉಣ್ಣಲು ಕೂತೆವು. ಸಜ್ಜೆರೊಟ್ಟಿ, ಎಣ್ಣೆಗಾಯಿ, ಕಡುಬು. ಕಾಲೇಜಿನಲ್ಲಿ ಏನು ಮಾಡುತ್ತೀ ಎಂದು ಅಣ್ಣ, ದೊಡ್ಡವ್ವನ ಮಗ, ಕೇಳಿದ. ನನಗೂ ಜಂಬ. ಇವರಿಗೆಲ್ಲ ತಿಳಿಯುವ ಹಾಗೆ ಹೇಳಬೇಕಲ್ಲ ಎಂದು ಹೇಳಿದೆ:

"ಜೀವಕೋಶಕ್ಕ ಕರೆಂಟ್ ಕೊಡೂದು. ಕೆಟ್ಟ ಜೀವಕೋಶ ಸಾಯ್ತಾವೋ, ಚಲೋವು ಉಳಿತಾವೋ ನೋಡೂದು."

ಕೆಟ್ಟದ್ದು, ಚಲೋದು ಎಂದು ನಾನು ಯಾಕೆ ಅಂದೆನೋ ದೇವರಿಗೇ ಗೊತ್ತು. ನನ್ನ ಯೀಸ್ಟಿನಲ್ಲಿ ಕೆಟ್ಟದ್ದೂ ಇರಲಿಲ್ಲ, ಚಲೋದೂ ಇರಲಿಲ್ಲ. ಪೇಪರಿನಲ್ಲಿ ಎಲ್ಲೋ ಓದಿದ್ದ ಮಾತು ಬಾಯಿಗೆ ಬಂತು. ಅಣ್ಣ "ಹೂಂ" ಎಂದು ಕಡುಬಿಗೆ ಕೈಹಾಕಿದ. ದೊಡ್ಡವ್ವ ಮಾತ್ರ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

ಆಮೇಲೆ ನಾನು ರಾಜೂರಿಗೆ ಹೋದಾಗಲೆಲ್ಲ, ಹದಿನೈದು ದಿನಕ್ಕೊಮ್ಮೆ ರವಿವಾರ ಹೋಗುತ್ತಿದ್ದೆ, ಆಕೆ ಕೇಳುವ ಮೊದಲ ಮಾತೇ ಅದು. "ಎಲ್ಲಿಗೆ ಬಂತವಾ ನಿನ್ನ ಕರೆಂಟ್?" ನನಗೋ ಹಿಗ್ಗು. ಮನೆಯಲ್ಲಿ ಅವ್ವ ಮದುವೆ ಮಾತು ಬಿಟ್ಟು ಬೇರೆ ಎತ್ತುತ್ತಿರಲಿಲ್ಲ. ಸ್ಟಾಫ್ ರೂಮಿನವರು ನನ್ನ ಸಾಮಾನು ಕಂಡರೆ "ಏನ್ ಮೇಡಂ, ಕೇಬಲ್ ಕನೆಕ್ಷನ್ ಕೊಡಾಕತ್ತೀರೇನು?" ಎಂದು ಕಿಸಕ್ಕೆನ್ನುತ್ತಿದ್ದರು. ಮೂರು ತಾಲೂಕಿನಲ್ಲಿ ನನ್ನ ಸಂಶೋಧನೆಯ ಬಗ್ಗೆ ಆಸ್ಥೆ ಇದ್ದದ್ದು ಸಾಲಿ ಮೆಟ್ಟಿಲು ಹತ್ತದ ದೊಡ್ಡವ್ವ ಒಬ್ಬಳಿಗೆ. ಎಂಥ ಹೆಣ್ಣುಮಗಳು, ಓದಿಸಿದ್ದರೆ ಎಲ್ಲಿರುತ್ತಿದ್ದಳೋ ಎಂದು ನಾನು ಮನಸ್ಸಿನಲ್ಲೇ ಅಂದುಕೊಳ್ಳುವುದು ಬೇರೆ.

ಆಕೆಯ ಪ್ರಶ್ನೆಗಳೂ ಹಾಗೇ ಇದ್ದವು. "ಕರೆಂಟ್ ಬಡದ್ರ ಅವಕ್ಕ ನೋವಾಕ್ಕೈತೇನ?" "ಸತ್ತವು ಅಲ್ಲೇ ಉಳಿತಾವೋ, ಕರಗಿ ಹೋಗ್ತಾವೋ?" "ಒಮ್ಮೆ ಕೊಟ್ರ ಸಾಕೋ, ಮತ್ತ ಮತ್ತ ಕೊಡಬೇಕೋ?" ಗೈಡ್ ಕೂಡ ಇಷ್ಟು ಕೇಳಿರಲಿಲ್ಲ. ನಾನು ಕೂತು ಸಾವಕಾಶವಾಗಿ ಉತ್ತರ ಹೇಳುತ್ತಿದ್ದೆ.

ಇತ್ತ ಪ್ರಯೋಗ ದಾರಿ ತಪ್ಪಿತ್ತು. ನಿಯಮ ಏನೆಂದರೆ ಪ್ರತಿ ಸಲ ಎರಡು ಡಬ್ಬಿ ಇಡಬೇಕು. ಒಂದಕ್ಕೆ ಹೊಡೆತ ಕೊಡಬೇಕು, ಇನ್ನೊಂದನ್ನು ಮುಟ್ಟಬಾರದು. ಕಡೆಗೆ ಎರಡಕ್ಕೂ ಬಣ್ಣ ಹಾಕಿ ಹೋಲಿಸಬೇಕು. ಸತ್ತ ಯೀಸ್ಟು ನೀಲಿಯಾಗಿ ನಿಲ್ಲುತ್ತದೆ, ಜೀವ ಇದ್ದದ್ದು ಬಣ್ಣವನ್ನು ಅರಗಿಸಿಕೊಂಡು ಬಿಳಿಯಾಗೇ ಇರುತ್ತದೆ. ಎಣಿಕೆ ಶುರುವಾದ ಮಳೆಗಾಲದಲ್ಲಿ ಎಲ್ಲ ಸರಿ ಇತ್ತು, ಹೊಡೆತ ತಿಂದದ್ದು ನೀಲಿ, ಮುಟ್ಟದ್ದು ಬಿಳಿ. ಚಳಿ ಕಳೆದು ಬಿಸಿಲು ಏರಿದ್ದೇ ತಡ, ಮುಟ್ಟದ ಡಬ್ಬಿಯೂ ನೀಲಿ! ಕೆಲವು ಸಲ ಹೊಡೆತ ತಿಂದದ್ದಕ್ಕಿಂತ ಅದರಲ್ಲೇ ಹೆಣ ಜಾಸ್ತಿ. ನನಗೆ ತಲೆಬುಡ ತಿಳಿಯಲಿಲ್ಲ. ಕೇಬಲ್ ಬದಲಿಸಿದೆ, ಬಣ್ಣ ಬದಲಿಸಿದೆ, ಕನ್ನಡಕದ ನಂಬರನ್ನೂ ಬದಲಿಸಿದೆ. ಕಿಡಿಯ ಹೊಡೆತ ಗಾಳಿಯಲ್ಲಿ ಹಾರಿ ಆಚೆ ಡಬ್ಬಿಗೂ ಬಡಿಯುತ್ತಿದೆಯೋ ಎಂದು ಎರಡನೇ ಡಬ್ಬಿಯನ್ನು ಪ್ರಿನ್ಸಿಪಾಲರ ಕೋಣೆಯಲ್ಲಿಟ್ಟು ಬೈಸಿಕೊಂಡದ್ದೂ ಆಯಿತು. ಗೈಡ್ ಬರೆದರು: "ನಿಮ್ಮ ಅಳತೆ ತಪ್ಪಾಗಿದೆ. ಮತ್ತೆ ಮಾಡಿ." ಯಾವ ಅಳತೆ, ಎಲ್ಲಿ ತಪ್ಪು, ಅದನ್ನು ಬರೆದರೆ ಇವರ ಗಂಟೇನು ಹೋಗುತ್ತಿತ್ತು!

ಆ ಮೇ ತಿಂಗಳ ಒಂದು ರವಿವಾರ ರಾಜೂರಿಗೆ ಹೋದಾಗ ಸಿಟ್ಟು ನೆತ್ತಿಗೇರಿತ್ತು. ದೊಡ್ಡವ್ವ ಒಲೆಯ ಮುಂದೆ ಇದ್ದಳು. ಎಡಗೈಯನ್ನು ಮಡಿಲಲ್ಲಿಟ್ಟು ಬಲಗೈ ಒಂದರಿಂದಲೇ ರೊಟ್ಟಿ ತಿರುವುತ್ತಿದ್ದಳು. ಒಂದೆರಡು ತಿಂಗಳಿಂದ ಹಾಗೇ, ಕೊಡವನ್ನೂ ಎಡಗೈಯಲ್ಲಿ ಎತ್ತುತ್ತಿರಲಿಲ್ಲ. ವಯಸ್ಸಾಯಿತು, ಸಂದು ಹಿಡಿದಿರಬೇಕು ಎಂದುಕೊಂಡಿದ್ದೆ.

"ಎಲ್ಲಿಗೆ ಬಂತವಾ ಕರೆಂಟ್?"

"ಮುಗೀತ ದೊಡ್ಡವ್ವಾ, ಎಲ್ಲಾ ಮುಗೀತು."

ಸಾಕಾಯಿತು, ಕೈಬಿಟ್ಟೆ, ಸುಡುಗಾಡಿಗೆ ಹೋಗಲಿ ಎಂಬ ಅರ್ಥದಲ್ಲಿ ಅಂದದ್ದು ಅದು. ದೊಡ್ಡವ್ವ ನನ್ನ ಕಡೆ ತಿರುಗಿದಳು. ಮುಖ ಅರಳಿತ್ತು. "ಚಲೋ ಆತ ನೋಡ, ನನ ಕಂದ" ಎಂದು ಹಿಟ್ಟಿನ ಕೈಯಲ್ಲೇ ನನ್ನ ಗಲ್ಲ ಮುಟ್ಟಿದಳು. ನಾನು ಸೋತು ಬಂದರೆ ಈಕೆಗೇನು ಖುಷಿ ಎಂದು ನನಗೆ ಒಳಗೊಳಗೇ ಕೆಟ್ಟೆನಿಸಿತು.

ಮರುದಿನ ಮಧ್ಯಾಹ್ನ ಕಾಲೇಜಿನ ಪ್ರಯೋಗಾಲಯದಲ್ಲಿ ನಾನೂ ಚಾಚಾನೂ ಇದ್ದೆವು. ಸೂಟಿಯ ದಿನ, ಬೇರೆ ಯಾರೂ ಇಲ್ಲ. ಟ್ರಾನ್ಸ್‌ಫಾರ್ಮರ್ ಬಿಚ್ಚಿ ವಾಪಸ್ಸು ಒಯ್ಯಲು ಅವರನ್ನು ಕರೆದಿದ್ದೆ. ಬಾಗಿಲಲ್ಲಿ ದೊಡ್ಡವ್ವ ಬಂದು ನಿಂತಳು. ರಾಜೂರಿನಿಂದ ಒಬ್ಬಳೇ ಬಂದಿದ್ದಳು. ಕೈಯಲ್ಲಿ ಚೀಲ, ಚೀಲದಲ್ಲಿ ಎರಡು ಸೀರೆ, ಹೊಸ ಕುಪ್ಪಸ, ರೊಟ್ಟಿಯ ಗಂಟು. ಒಂದು ತೆಂಗಿನಕಾಯಿ, ಊದಿನಕಡ್ಡಿ, ಕುಂಕುಮದ ಚೀಟಿಯೂ ಇದ್ದವು.

"ಮುಗೀತಂದ್ಯಲ್ಲವಾ, ಬಂದೆ" ಎಂದು ಹೇಳಿ, ಕಾಯಿ ತೆಗೆದು ಟೇಬಲ್ಲಿನ ಮೇಲಿಟ್ಟಳು. "ಮಷೀನಿಗೆ ಪೂಜಿ ಮಾಡಿ ಶುರು ಮಾಡು. ನಾ ಎಲ್ಲಿ ಮಲಕೊಳ್ಳಲಿ?"

ನನಗೆ ದಿಕ್ಕೇ ತೋಚಲಿಲ್ಲ. ದಿಕ್ಕು ತೋಚದಾಗ ನನಗೆ ಬರುವುದು ಸಿಟ್ಟು ಒಂದೇ. "ಏನ್ ದೊಡ್ಡವ್ವಾ, ಬಿಸಲಿಗೆ ತಲಿ ಗಿಲಿ ತಿರಗೇತೇನ? ಮಲಗೂದೇನ ಇದರಾಗ! ನಾಕ ಹನಿ ನೀರ ಹಿಡಿಸೂದಿಲ್ಲ ಇದಕ್ಕ!" ಎಂದು ಆ ಗಾಜಿನ ಡಬ್ಬಿಯನ್ನು ಆಕೆಯ ಮುಖದ ಮುಂದೆ ಹಿಡಿದೆ.

ಚಾಚಾ ಸ್ಕ್ರೂಡ್ರೈವರ್ ಕೆಳಗಿಟ್ಟರು. "ಬೇಟಿ, ಸ್ವಲ್ಪ ತಡಿ" ಎಂದು ನನಗೆ ಹೇಳಿ ಆಕೆಯ ಕಡೆ ತಿರುಗಿದರು. "ಅಕ್ಕಾರ, ಕರೆಂಟ್ ಯಾರಿಗೆ ಕೊಡಬೇಕಾಗೇತ್ರಿ?"

ದೊಡ್ಡವ್ವ ಸೆರಗಿನ ಮೇಲೆ, ಎಡಗಡೆ, ಕೈಯಿಟ್ಟುಕೊಂಡಳು.

"ನಮ್ಮಾಕಿಗೂ ಹುಬ್ಬಳ್ಳಿ ದವಾಖಾನ್ಯಾಗ ಕರೆಂಟ್ ಕೊಟ್ಟಿದ್ರು ಬೇಟಿ" ಎಂದರು ಚಾಚಾ, ನನ್ನ ಕಡೆ ನೋಡದೆ. ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿ ಬಾಗಿಲು ಎಳೆದುಕೊಂಡರು.

ಕ್ಯಾನ್ಸರಿಗೆ ದವಾಖಾನೆಯಲ್ಲಿ ಕಿರಣ ಹಾಯಿಸುವುದಕ್ಕೆ ನಮ್ಮ ಕಡೆ ಕರೆಂಟ್ ಕೊಡುವುದು ಎನ್ನುತ್ತಾರೆ. ನನಗೆ ಗೊತ್ತಿಲ್ಲದ ಮಾತೇ ಅದು? ಬಸ್ಸಿನಲ್ಲಿ, ಸಂತೆಯಲ್ಲಿ, ಮದುವೆ ಪಂಕ್ತಿಯಲ್ಲಿ ನೂರು ಸಲ ಕೇಳಿದ್ದೆ. "ಪಾಪ, ಆಕಿಗೆ ಕರೆಂಟ್ ಕೊಟ್ರಂತ." ಕಾಲೇಜಿನ ಮೆಟ್ಟಿಲು ಹತ್ತಿದ ಕೂಡಲೇ ಅದೇ ಶಬ್ದ ನನಗೆ ಬೇರೆಯಾಗುತ್ತಿತ್ತು. ಎಳ್ಳ ಅಮಾವಾಸ್ಯೆಯ ದಿನ ಬನ್ನಿಗಿಡದ ಕೆಳಗೆ ಅಷ್ಟು ಜನ ಕೂತಿದ್ದರು, ನಾನೇನು ಹೇಳಿದೆ ಎಂಬುದು ನನಗೇ ತಿಳಿದಿರಲಿಲ್ಲ, ದೊಡ್ಡವ್ವನಿಗೆ ಸರಿಯಾಗಿ ತಿಳಿದಿತ್ತು.

ಕುಪ್ಪಸ ಬಿಚ್ಚಿ ತೋರಿಸಿದಳು. ಮುಟ್ಟಿದೆ. ಕಲ್ಲಿನ ಹಾಗಿತ್ತು, ಮೇಲಿನ ಚರ್ಮ ಒಳಗೆ ಸೆಳೆದುಕೊಂಡಿತ್ತು. ನಾನು ಕೈ ಹಿಂದೆಗೆದದ್ದಕ್ಕೆ ಆಕೆಯೇ "ಏನಾಗೂದಿಲ್ಲ, ಮುಟ್ಟು" ಎಂದಳು. ದವಾಖಾನೆಗೆ ಯಾಕೆ ಹೋಗಲಿಲ್ಲ ಎಂದರೆ, ಅವರ ಓಣಿಯ ಹೆಣ್ಣುಮಗಳೊಬ್ಬಳು ಹೋಗಿದ್ದಳಂತೆ, ಗುರುತಿಲ್ಲದ ಗಂಡಸರ ಮುಂದೆ ಎದೆ ಬಿಚ್ಚಿ ಮಲಗಬೇಕಂತೆ. "ಮನ್ಯಾಗ ಮಗಳು ಕಲತಾಳಂದ್ರ ಮಂದಿ ಮುಂದ ಯಾಕ ಬಿಚ್ಚಬೇಕವಾ?"

ಅದಲ್ಲ ದೊಡ್ಡವ್ವಾ, ನನ್ನ ಕರೆಂಟ್ ಬೇರೆ, ದವಾಖಾನೆಯ ಕರೆಂಟ್ ಬೇರೆ ಎಂದು ಹೇಳತೊಡಗಿದೆ. ಹೇಳಿದಷ್ಟೂ ನನಗೇ ಗೊಂದಲವಾಯಿತು. ನಿಂದೂ ಸಾಯಿಸುತ್ತದೆ, ಅವರದೂ ಸಾಯಿಸುತ್ತದೆ, ಮತ್ತೆ ಬೇರೆ ಹೇಗೆ ಎಂದಳು. ಬಾಯಿಮಾತಿಗೆ ಬಗ್ಗುವ ಹೆಂಗಸಲ್ಲ ಅವಳು. ಕಡೆಗೆ ಶನಿವಾರದ ಎರಡು ಡಬ್ಬಿಯ ಯೀಸ್ಟನ್ನು ಸೂಕ್ಷ್ಮದರ್ಶಕದ ಕೆಳಗೆ ಒಂದಾದ ಮೇಲೊಂದು ಇಟ್ಟು ತೋರಿಸಿದೆ. ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದಳು.

"ನೀಲಿ ಅದಾವಲ್ಲ, ಅವು ಸತ್ತಾವು?"

"ಹೌದು."

"ಎರಡರಾಗೂ ಅಷ್ಟಷ್ಟ ಸತ್ತಾವಲ್ಲ. ಕರೆಂಟ್ ಕೊಡದಿದ್ವು ಯಾಕ ಸತ್ವು?"

"ನನಗ ಗೊತ್ತಿಲ್ಲ ದೊಡ್ಡವ್ವಾ."

"ಎಲ್ಲಿಂದ ತಂದಿ ಇವನ್ನ?"

"ನರಗುಂದದಿಂದ."

"ಬಸ್ಸಿನ್ಯಾಗ? ಈ ಬಿಸಲಾಗ? ಸ್ಟೀಲಿನ ಡಬ್ಬ್ಯಾಗ ಹಾಕ್ಕೊಂಡು?" ಕಣ್ಣು ತೆಗೆದು ನನ್ನನ್ನು ನೋಡಿದಳು. "ಅಯ್ಯ ಹುಚ್ಚಿ, ಹಂಗ ತಂದ್ರ ಹೆಪ್ಪಾದ್ರೂ ಉಳಿತೈತೇನ? ಕುದ್ದ ಸತ್ತಿರ್ತಾವು. ನಿನ್ನ ಮಷೀನಿಗೆ ಬರೂ ಮೊದಲ ಸತ್ತಿರ್ತಾವು."

ಆರು ವಾರ ನಾನು, ಗೈಡ್, ಪ್ರಿನ್ಸಿಪಾಲರು, ಕನ್ನಡಕದ ಅಂಗಡಿಯವ ಎಲ್ಲ ಸೇರಿ ಬಿಡಿಸದ ಒಗಟು ಅದು. ದೊಡ್ಡವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು. ನನಗೂ ನಗು ಬಂತು, ಏನು ಮಾಡಲಿ, ಬಂದೇಬಿಟ್ಟಿತು. ನಗುತ್ತ ನಗುತ್ತ ಆಕೆ ತಟ್ಟನೆ ನಗು ನಿಲ್ಲಿಸಿದಳು.

"ಇಷ್ಟೂ ಗೊತ್ತಿಲ್ಲಂದ್ರ, ಖರೇನ ನಿನಗ ಬರೂದಿಲ್ಲೇನವಾ?"

"ಇಲ್ಲ ದೊಡ್ಡವ್ವಾ. ಖರೇನ ಬರೂದಿಲ್ಲ."

ಕುಪ್ಪಸದ ಗಂಟು ಹಾಕಿಕೊಂಡಳು. ಕಾಯಿಯನ್ನು ಚೀಲಕ್ಕೆ ಹಾಕಿದಳು. "ಹಂಗಾರ ಹೊರಗ ನಿಂತ ಆ ಸಾಹೇಬ್ರನ್ನ ಕೇಳು, ಹುಬ್ಬಳ್ಯಾಗ ಅದು ಎಲ್ಲಿ ಬರತೈತಿ ಅಂತ."

ಚಾಚಾ ತಾವೇ ಜೊತೆಗೆ ಬಂದರು. ದವಾಖಾನೆಯಲ್ಲಿ ಆಕೆಯನ್ನು ಪರೀಕ್ಷೆ ಮಾಡಿದ್ದು ಹೆಣ್ಣುಮಗಳೇ, ನನಗಿಂತ ಸ್ವಲ್ಪ ದೊಡ್ಡವರು. ಅದು ಗೊತ್ತಿದ್ದರೆ ಮೊದಲೇ ಬರುತ್ತಿದ್ದಳೋ ಏನೋ. ಡಾಕ್ಟರು ಕೈತೊಳೆದು ಬಂದು ಪೆನ್ನು ಹಿಡಿದು ಕೇಳಿದರು: "ಗಂಟು ಯಾವಾಗ ಶುರು ಆತು ಅಮ್ಮಾ?"

ದೊಡ್ಡವ್ವ ತಿಂಗಳು ಇಸವಿ ಇಟ್ಟುಕೊಂಡವಳಲ್ಲ. "ಈಕಿ ಕೇಬಲ್ ವಾಯರ್ ತರೂ ಮುಂದ ಕಡ್ಲಿಕಾಳಿನಷ್ಟ ಇತ್ರಿ" ಎಂದು ನನ್ನನ್ನು ತೋರಿಸಿದಳು. "ಮಷೀನು ಚಟ್ ಅಂದಾಗ ಅಡಕಿಯಷ್ಟ ಆತು. ಮಳಿಗಾಲದಾಗ ಈಕಿಂದು ಎಲ್ಲಾ ಬರೊಬ್ಬರಿ ಬರಾಕತ್ತಿತ್ರಿ, ಆಗ ಲಿಂಬಿಕಾಯಷ್ಟಿತ್ತು, ಈಗ ಕೊಡ್ತಾಳ, ನಾಳೆ ಕೊಡ್ತಾಳ ಅಂತಿದ್ನಿ. ಆಮ್ಯಾಲ ಈಕಿಂದು ಲೆಕ್ಕ ತಪ್ಪಿತು. ಆವಾಗಿಂದ ನೋವು ಶುರು ಆತ್ರಿ."

ಡಾಕ್ಟರಿಗೆ ಏನೂ ತಿಳಿಯಲಿಲ್ಲ. ನನ್ನ ಕಡೆ ನೋಡಿದರು. ಆ ಲೆಕ್ಕ ಓದಲು ಬರುತ್ತಿದ್ದವಳು ಆ ದವಾಖಾನೆಯಲ್ಲಿ ನಾನೊಬ್ಬಳೇ. ಕೇಬಲ್ ತಂದ ದಿನ, ಮೊದಲ ಕಿಡಿಯ ದಿನ, ಎಲ್ಲವೂ ನನ್ನ ನೋಟ್‌ಬುಕ್ಕಿನಲ್ಲಿ ತಾರೀಖು ಸಹಿತ ಇದ್ದವು. ನಾನು ಒಂದೊಂದನ್ನೇ ತಿಂಗಳಿಗೆ ತಿರುಗಿಸಿ ಹೇಳಿದೆ, ಅವರು ಬರೆದುಕೊಂಡರು. ಕೂಡಿಸಿ ಹದಿನೇಳು ತಿಂಗಳು ಎಂದೆ. "ಇಷ್ಟ ದಿನ ಮನ್ಯಾಗ ಯಾರಿಗೂ ಗೊತ್ತಾಗಲಿಲ್ಲೇನ್ರಿ?" ಎಂದರು ಡಾಕ್ಟರು. ಬೈದದ್ದಲ್ಲ, ಬರೆದುಕೊಳ್ಳಲು ಕೇಳಿದ್ದು.

ಆಪರೇಷನ್ ಆಯಿತು, ಔಷಧಿ ಆಯಿತು, ಕರೆಂಟೂ ಕೊಟ್ಟರು. ಮೊದಲ ದಿನ ಕರೆಂಟ್ ಕೋಣೆಯಿಂದ ಹೊರಗೆ ಬಂದು, "ಏನ ಕೊಟ್ಟರೋ ಏನೋ, ಸಪ್ಪಳನ ಇಲ್ಲ. ನಿಂದ ಚಲೋ ಇತ್ತು" ಎಂದು ನನ್ನ ಕಿವಿಯಲ್ಲಿ ಹೇಳಿದಳು. ಅತ್ತ ಯೀಸ್ಟನ್ನು ಒದ್ದೆ ಬಟ್ಟೆ ಸುತ್ತಿದ ಕುಡಿಕೆಯಲ್ಲಿ ಹಾಕಿ, ಮುಂಜಾನೆಯ ಮೊದಲ ಬಸ್ಸಿಗೆ ತಂದೆ. ಮುಟ್ಟದ ಡಬ್ಬಿ ಬಿಳಿಯಾಗಿ ಉಳಿಯಿತು. ಅಳತೆ ಸರಿಹೋಯಿತು, ಎಂ.ಫಿಲ್ಲೂ ಬಂತು. ಹೊಡೆತ ತಿಂದ ಕೋಶಗಳಲ್ಲಿ ಕೆಲವು ಯಾಕೆ ಸತ್ತವು, ಕೆಲವು ಯಾಕೆ ಉಳಿದವು ಎಂಬುದು ಮಾತ್ರ ನನಗೆ ಇವತ್ತಿಗೂ ತಿಳಿದಿಲ್ಲ. ದೊಡ್ಡವ್ವ ಮುಂದೆ ಎರಡು ವರ್ಷ ಬದುಕಿದಳು. ಹದಿನೇಳು ತಿಂಗಳು ಮೊದಲು ಬಂದಿದ್ದರೆ ಇನ್ನೂ ಎಷ್ಟು ಎಂದು ಡಾಕ್ಟರನ್ನು ಕೇಳಿದೆ. ಹೇಳಲು ಬರುವುದಿಲ್ಲ ಎಂದರು.

ಕಡೆಯ ಶ್ರಾವಣದಲ್ಲಿ ಅದು ಬೆನ್ನಿನ ಎಲುಬಿಗೆ ಇಳಿದಿತ್ತು. ರಾಜೂರಿಗೆ ಹೋಗಿ ಆಕೆಯ ಕಾಲೊತ್ತುತ್ತ ಕೂತಿದ್ದೆ. ಎರಡು ವರ್ಷ ಬಾಯಿತನಕ ಬಂದು ನಿಲ್ಲುತ್ತಿದ್ದ ಮಾತನ್ನು ಅವತ್ತು ಕೇಳಿಯೇಬಿಟ್ಟೆ. ಸಿಟ್ಟಿನಲ್ಲೇ ಕೇಳಿದೆ.

"ದೊಡ್ಡವ್ವಾ, ನಾ ಬಂದಾಗೆಲ್ಲಾ ನನ್ನ ಮುಂದ ಕುಂತು ಅಷ್ಟೆಲ್ಲಾ ಕೇಳ್ತಿದ್ದಿ. ನನಗ ಹಿಂಗ ಆಗೇತಿ ಅಂತ ಒಂದ ಮಾತ ಯಾಕ ಹೇಳಲಿಲ್ಲ?"

ಆಕೆ ಕಣ್ಣು ಮುಚ್ಚಿಕೊಂಡೇ ಹೇಳಿದಳು.

"ಹೇಳಿದ್ರ ನೀ ಗಡಿಬಿಡಿ ಮಾಡ್ತಿದ್ದಿ. ಗಡಿಬಿಡ್ಯಾಗ ನಿಂದ ಕಲಿಯೂದು ಕೆಡಬಾರದಂತ ಸುಮ್ಮನಿದ್ನಿ ನನ ಕಂದ. ನೀ ಸಾವಕಾಶ ಕಲಿ, ನಾ ತಡಕೋತೇನಿ ಅಂತ."

ನಾನು ಕಾಲೊತ್ತುವುದನ್ನು ನಿಲ್ಲಿಸಲಿಲ್ಲ. ನಿಲ್ಲಿಸಿದ್ದರೆ ಕಣ್ಣು ತೆರೆದು ನನ್ನ ಮುಖ ನೋಡುತ್ತಿದ್ದಳು.